ರಹಮತ್ ಮೇಷ್ಟ್ರ ಮುದ್ದೆ

ರಹಮತ್ ಮೇಷ್ಟ್ರ ಜೊತೆ ಜಗಳ ಆಡಲು ಆಗುತ್ತಿರಲಿಲ್ಲ. ಆಡಲು ಹೋದರೆ ನಮ್ಮ ಪಕ್ಷದ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ನಾವು ಸಿಟ್ಟಿನಿಂದ ಬಾಯಿ ತೆರೆದರೆ ಸಾಕು, ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸುತ್ತಾ, "ತಾಳಿ, ಮೊದ್ಲು ನಿಮ್ಮ ಮಾತ ನಾನು ಹೇಳ್ತೀನಿ, ಸರಿಯಾಗೈತಾ ನೋಡಿ" ಎನ್ನುವರು. ಆಮೇಲೆ ನಮ್ಮ ವಾದವನ್ನು ನಮಗಿಂತ ಚೆನ್ನಾಗಿ, ನಮಗೆ ಹೊಳೆಯದೇ ಇದ್ದ ಕಾರಣಗಳನ್ನೂ ಸೇರಿಸಿ ಹೇಳುವರು. "ಹೌದು ಸಾರ್, ಅದೇ ಅದೇ" ಎಂದು ನಾವು ತಲೆಯಾಡಿಸಿ ತಣ್ಣಗಾದ ಮೇಲೆ, "ಈಗ ನನ್ನ ಮಾತ ಕೇಳಿ" ಎಂದು ತಮ್ಮದನ್ನು ಶುರುಮಾಡುವರು. ಅಷ್ಟರಲ್ಲಿ ಜಗಳದ ಬಿಸಿ ಆರಿಹೋಗಿರುತ್ತಿತ್ತು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅವರ ಪರಿಚಯವಾದದ್ದು ಡಬ್ಲಿನ್ ಹತ್ತಿರದ ಮೇನೂತ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಡಬ್ಲಿನ್ನಿನ ಆಫೀಸಿಗೆ ಹೋಗುವ ಬೆಳಗಿನ ರೈಲು ತಡವಾಗಿತ್ತು, ಅಡ್ಡಮಳೆ ಬೇರೆ. ನಾನು ಫೋನಿನಲ್ಲಿ ಗಂಡ ಗಿರೀಶನಿಗೆ ಈ ದೇಶದ ರೈಲು, ಮಳೆ, ನನ್ನನ್ನು ಇಲ್ಲಿಗೆ ಕರೆತಂದ ಅವನ ಬುದ್ಧಿ, ಎಲ್ಲಕ್ಕೂ ಸೇರಿಸಿ ಮಂಗಳಾರತಿ ಎತ್ತುತ್ತಿದ್ದೆ. ಫೋನು ಇಟ್ಟಾಗ ಪಕ್ಕದ ಬೆಂಚಿನಲ್ಲಿ ಕೂತಿದ್ದ, ನರೆತ ಗಡ್ಡದ, ಉಣ್ಣೆ ಟೋಪಿಯ ಮನುಷ್ಯರು ಕೇಳಿದರು. "ಬೈಯೋದು ಮುಗೀತಾ ತಾಯಿ? ಇನ್ನೊಂಚೂರು ಬೈದಿದ್ರೆ ಚೆನ್ನಾಗಿತ್ತು. ಇಂಥಾ ಕನ್ನಡ ಕೇಳಿ ಎಷ್ಟು ಕಾಲ ಆಗಿತ್ತು." ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಚೀಲದಿಂದ ಒಂದು ಕಿತ್ತಳೆಹಣ್ಣು ತೆಗೆದು ನನ್ನ ಕೈಗಿಟ್ಟು, "ರೈಲಿನೋರ ಪಕ್ಷ ಏನಪ್ಪಾ ಅಂದ್ರೆ" ಎಂದು ತಡವಾದದ್ದಕ್ಕೆ ಕಾರಣ ಹೇಳತೊಡಗಿದರು.

ಊರು ಮಳವಳ್ಳಿ ಹತ್ತಿರದ ಕಿರುಗಾವಲು. ಅಪ್ಪನದು ರಾಗಿ ಬೀಸುವ ಮಿಷನ್ನು. ಮೇಷ್ಟ್ರು ಮೈಸೂರಿನಲ್ಲಿ ಓದಿ, ಅರಬ್ಬಿ ಕಲಿತು, ಎಲ್ಲೆಲ್ಲೋ ಸುತ್ತಿ ಕೊನೆಗೆ ಮೇನೂತಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಹೆಂಡತಿ ಮೈಸೂರಿನ ಕಾಲೇಜೊಂದರಲ್ಲಿ ಕೆಲಸದಲ್ಲಿದ್ದುದರಿಂದ ಬೇಸಿಗೆ ರಜೆಗೆ ಮಾತ್ರ ಬರುತ್ತಿದ್ದರು. ಏನು ಪಾಠ ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಹಳೆಯ ಕಾಲದ ಮುಸ್ಲಿಂ ಪಂಡಿತರು ಬೇರೆ ಧರ್ಮದವರ ಬಗ್ಗೆ ಏನೇನು ಯೋಚಿಸಿದ್ದರು ಅನ್ನುವುದೇ ತಮ್ಮ ವಿಷಯ ಎಂದರು.

"ಅದಕ್ಕೂ ಒಂದು ಕೋರ್ಸ್ ಬೇಕಾ ಸಾರ್?" ಎಂದೆ. ಆ ವಿಷಯದಲ್ಲಿ ಗೊತ್ತಿರಬೇಕಾದದ್ದೆಲ್ಲ ನನಗೆ ಫೋನಿನ ಮೆಸೇಜುಗಳಲ್ಲೇ ಬರುತ್ತದೆ ಅನ್ನುವ ಧಾಟಿಯಲ್ಲಿ.

"ಎಲ್ರಿಗೂ ಗೊತ್ತು ಅನ್ಕೊಂಡಿರೋ ವಿಷಯಕ್ಕೇ ಕಣಮ್ಮ ಕೋರ್ಸ್ ಬೇಕಾಗೋದು" ಎಂದರು.

ಎದುರಾಳಿಯ ಮಾತನ್ನು ಮೊದಲು ಹೇಳುವ ಅಭ್ಯಾಸ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಸಾವಿರ ವರ್ಷದ ಹಿಂದೆ ಬೇರೆಬೇರೆ ಮತಗಳ ಬಗ್ಗೆ ದೊಡ್ಡ ದೊಡ್ಡ ಗ್ರಂಥ ಬರೆದ ಪಂಡಿತರಿದ್ದರಂತೆ. ಪ್ರತಿಯೊಬ್ಬರ ನಂಬಿಕೆಯನ್ನೂ ಅವರವರು ಹೇಳುವ ಹಾಗೇ ಬರೆಯುತ್ತೇನೆ, ನನ್ನ ಸಿಟ್ಟು ಸೇರಿಸುವುದಿಲ್ಲ ಎಂದು ಕೆಲವರು ಮೊದಲಲ್ಲೇ ಮಾತು ಕೊಡುತ್ತಿದ್ದರಂತೆ. "ಮಾತು ಉಳಿಸಿಕೊಂಡ್ರಾ ಸಾರ್?" ಎಂದರೆ, "ಎಲ್ಲೀ? ನಾಕು ಪುಟ ಉಳಿಸ್ಕೊಂಡು ಐದನೇ ಪುಟದಲ್ಲಿ ಬೈದವ್ರೆ. ಆದ್ರೂ ನಾಕು ಪುಟ ಸಿಕ್ತಲ್ಲ, ಅದು ಲಾಭ" ಎಂದು ನಕ್ಕರು.

ನಾನು ಅವರನ್ನು ನಮ್ಮ ಕನ್ನಡದ ಗುಂಪಿಗೆ ಸೇರಿಸಿದೆ. ಮೇನೂತು ಮತ್ತು ಸುತ್ತಮುತ್ತಲಿನ ಕೆಲವು ಮನೆಗಳ ಗುಂಪು. ಯುಗಾದಿ, ಗಣೇಶ, ರಾಜ್ಯೋತ್ಸವ ಎಂದು ವರ್ಷಕ್ಕೆ ಮೂರು ಸಲ ಬಾಡಿಗೆ ಹಾಲ್ ಒಂದರಲ್ಲಿ ಸೇರಿ, ಪ್ರತಿ ಮನೆಯವರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಉಣ್ಣುತ್ತಿದ್ದೆವು. ಯಾರು ಏನು ತರಬೇಕೆಂದು ಹೇಳುವ ಕೆಲಸ ನನ್ನದು. ಪುಳಿಯೋಗರೆ ಒಬ್ಬರಿಗೆ, ಬಿಸಿಬೇಳೆಬಾತು ಒಬ್ಬರಿಗೆ, ಕೋಸಂಬರಿ ಇನ್ನೊಬ್ಬರಿಗೆ. ರಹಮತ್ ಮೇಷ್ಟ್ರಿಗೆ ಪೇಪರ್ ತಟ್ಟೆ, ಲೋಟ ಮತ್ತು ಜ್ಯೂಸು. ಹೀಗೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮೊದಲನೇ ಸಲ ನಾನೇ, ಬಾಯಿಗೆ ತಾನಾಗಿ ಬಂದ ಹಾಗೆ, "ನೀವು ಒಬ್ಬರೇ ಇರೋದು ಸಾರ್, ಅಡುಗೆ ಎಲ್ಲಾ ಯಾಕೆ ತಲೆನೋವು, ತಟ್ಟೆ ತಂದ್ಬಿಡಿ" ಎಂದಿದ್ದೆ. ಗುಂಪಿನಲ್ಲಿ ಒಬ್ಬಂಟಿ ಹುಡುಗರು ಇನ್ನೂ ಮೂವರಿದ್ದರು. ಅವರಿಗೆ ಚಿತ್ರಾನ್ನ ಮಾಡಲು ಹೇಳಿದ್ದೆ. ಮೇಷ್ಟ್ರು ತಂದ ತಟ್ಟೆಗಳು ಅಂಗಡಿಯಲ್ಲಿ ಸಿಗುವುದರಲ್ಲೇ ಚೆನ್ನಾದವು, ಅಡಕೆ ಹಾಳೆಯ ಹಾಗೆ ಗಟ್ಟಿ. ಎಲ್ಲರೂ ಮೆಚ್ಚಿದರು. ಮುಂದಿನ ಸಲವೂ, ಅದರ ಮುಂದಿನ ಸಲವೂ ಅವರಿಗೆ ತಟ್ಟೆಯೇ.

ಅವರು ಮಾತ್ರ ನಮ್ಮ ಅಡುಗೆಯನ್ನೆಲ್ಲ ಬಡಿಸಿಕೊಂಡು, ತಟ್ಟೆ ಬಳಿದು ಉಣ್ಣುತ್ತಿದ್ದರು. ಮಾಂಸಕ್ಕೆ ತಮ್ಮಲ್ಲಿ ಕಟ್ಟುಪಾಡು ಉಂಟು, ಅನ್ನ ಬೇಳೆ ಹಣ್ಣಿಗೆ ಯಾರ ಮನೆಯದಾದರೂ ಅಡ್ಡಿಯಿಲ್ಲ ಎನ್ನುವರು. ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಕಳಿಸಿದರೆ ಡಬ್ಬಿ ಖಾಲಿ ವಾಪಸು ಬರುತ್ತಿರಲಿಲ್ಲ. ಖಾಲಿ ಡಬ್ಬಿ ಕೊಡಬಾರದೆಂಬ ನಮ್ಮ ಕಡೆಯ ಪದ್ಧತಿ ಅವರಿಗೂ ಪದ್ಧತಿಯೇ. ಆದರೆ ಒಳಗಿರುತ್ತಿದ್ದದ್ದು ಇಡೀ ಸೇಬು, ಇಡೀ ದಾಳಿಂಬೆ. ಒಂದು ದಿನವೂ ತಾವು ಬೇಯಿಸಿದ್ದನ್ನು ಹಾಕಿ ಕಳಿಸಲಿಲ್ಲ. ಎಷ್ಟು ಚೆನ್ನಾಗಿ ಅಡುಗೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಹೋಳಿಗೆ ಕೊಡಲು ಹೋದಾಗ ಒಂದು ಸಲ ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಮುದ್ದೆ ತೊಳಸುವುದನ್ನು ನೋಡಿದ್ದೆ. ಮುದ್ದೆ ಕೋಲು ಇಲ್ಲಿ ಎಲ್ಲಿ ಸಿಗಬೇಕು. ಈ ಊರಿನ ಹುಡುಗರು ಮೈದಾನದಲ್ಲಿ ಆಡುವ ಹರ್ಲಿ ಬ್ಯಾಟು ಕೊಂಡು, ಅದರ ಅಗಲವಾದ ತುದಿ ಕೊಯ್ದು, ಹಿಡಿಯನ್ನು ಎಣ್ಣೆ ಹಚ್ಚಿ ಪಳಗಿಸಿದ್ದರು. ಪಾತ್ರೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಆ ಕೋಲಿನಲ್ಲಿ ತೊಳಸುವಾಗ ಅವರು ಪ್ರೊಫೆಸರಾಗಿ ಕಾಣುತ್ತಿರಲಿಲ್ಲ.

ಮಾವನವರು ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ವರ್ಷ ಗಣೇಶನ ಹಬ್ಬಕ್ಕೆ ಮೇಷ್ಟ್ರನ್ನು ಮನೆಗೆ ಕರೆದಿದ್ದೆ. ಮಾವನವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಯಾರನ್ನಾದರೂ ಕೂರಿಸಿಕೊಂಡು ಪ್ರಶ್ನೆ ಕೇಳದಿದ್ದರೆ ಊಟ ಜೀರ್ಣವಾಗುವುದಿಲ್ಲ. ಕಡುಬು ತಿಂದು ಮುಗಿಸುವುದರೊಳಗೆ ಕೇಳಿಯೇಬಿಟ್ಟರು.

"ನೇರವಾಗಿ ಕೇಳ್ತೀನಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಶಾಸ್ತ್ರದ ಪ್ರಕಾರ ನಾವೆಲ್ಲ ನರಕಕ್ಕೇ ತಾನೇ?"

ಗಿರೀಶ ಕೆಮ್ಮಿದ. ನಾನು ತುಪ್ಪದ ಮಿಳ್ಳೆ ಹಿಡಿದುಕೊಂಡು ನಿಂತಲ್ಲೇ ನಿಂತೆ. ಮೇಷ್ಟ್ರು ಕೈ ಒರೆಸಿಕೊಂಡು ಕನ್ನಡಕ ತೆಗೆದರು.

"ತಾಳಿ ಸಾರ್. ನಿಮ್ಮ ಪ್ರಶ್ನೆನ ಇನ್ನೂ ಗಟ್ಟಿಯಾಗಿ ಕೇಳಬೇಕು. ನರಕ ಆಮೇಲಿನ ಮಾತು. ಇಲ್ಲೇ, ಬದುಕಿರೋವಾಗ್ಲೇ, ಹಳೇ ಕಾನೂನಿನ ಪುಸ್ತಕಗಳಲ್ಲಿ ಏನು ಬರೆದವ್ರೆ ಗೊತ್ತಾ? ಬೇರೆ ಧರ್ಮದೋರು ತಲೆಗಂದಾಯ ಕಟ್ಟಬೇಕು, ಬೇರೆ ಥರದ ಬಟ್ಟೆ ಹಾಕಬೇಕು, ಕುದುರೆ ಹತ್ತಬಾರದು, ಹೊಸ ಗುಡಿ ಕಟ್ಟಬಾರದು. ಇದನ್ನೂ ಸೇರಿಸಿ ನನ್ನ ಕೇಳಿ."

"ಅಷ್ಟೆಲ್ಲ ನನಗೆ ಗೊತ್ತಿರಲಿಲ್ಲವಲ್ಲ" ಎಂದು ಮಾವನವರೇ ಪೆಚ್ಚಾದರು.

"ಆ ಪುಟಗಳನ್ನ ಓದಿಸುವಾಗ ಕ್ಲಾಸಲ್ಲಿ ನಂಗೆ ನಾಚಿಕೆ ಆಗ್ತದೆ ಸಾರ್. ಎಳೇ ಹುಡುಗರು ಮುಖ ನೋಡ್ತಾ ಕೂತಿರ್ತವೆ. ಆದ್ರೂ ಹಾರಿಸಲ್ಲ. ನಾಚಿಕೆ ಪುಟ ಹಾರಿಸಿಬಿಟ್ರೆ ಹೆಮ್ಮೆ ಪುಟನ ಯಾರೂ ನಂಬಲ್ಲ."

ಆಮೇಲೆ ತಮ್ಮ ಮಾತಿಗೆ ಬಂದರು. ಹಳಬರು ಎಂದೂ ಒಂದೇ ಬಾಯಲ್ಲಿ ಮಾತಾಡಿದವರಲ್ಲ ಎಂದರು. ಹಿಂದೂಗಳಿಗೂ ರಕ್ಷಣೆ ಕೊಟ್ಟು ಅವರ ಪಾಡಿಗೆ ಬಿಡಬೇಕು ಎಂದ ಪಂಡಿತರಿದ್ದರು, ಕೂಡದು ಎಂದವರೂ ಇದ್ದರು, ಇಬ್ಬರೂ ನೂರಾರು ವರ್ಷ ಕಿತ್ತಾಡಿದರು. ಇನ್ನೊಬ್ಬ ಪಂಡಿತ ಹೊರಗಿನವರನ್ನು ಮೂರು ಗುಂಪು ಮಾಡಿದ್ದ. ಸುದ್ದಿಯೇ ತಲುಪದವರು, ಸುದ್ದಿ ಸೊಟ್ಟಗೆ ತಲುಪಿದವರು, ನೆಟ್ಟಗೆ ತಲುಪಿ ನಿಜ ಎಂದು ಗೊತ್ತಾದ ಮೇಲೂ ಮುಖ ತಿರುಗಿಸಿದವರು. ಮೊದಲ ಎರಡು ಗುಂಪಿಗೂ ದೇವರ ಕ್ಷಮೆ ಉಂಟು ಎಂದಿದ್ದ.

"ಮೂರನೇ ಗುಂಪು?" ಮಾವನವರು ಬಿಡುವವರಲ್ಲ.

"ಅದಕ್ಕೆ ಆತನೂ ವಿನಾಯ್ತಿ ಕೊಡಲಿಲ್ಲ ಸಾರ್. ನಿಮ್ಮನೇಲಿ ಕಡುಬು ತಿಂದು ಸುಳ್ಳು ಹೇಳಲಾರೆ. ಆದ್ರೆ ನಿಮ್ಮ ಕಿವಿಗೆ ನೆಟ್ಟಗೆ ಯಾವನು ತಲುಪಿಸವ್ನೆ? ನೀವು ಧೈರ್ಯವಾಗಿರಿ."

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಟಿನ ತನಕ ಹೋಗಿ ಬೀಳ್ಕೊಟ್ಟು ಬಂದು, "ಎಂಥ ವಿದ್ವಾಂಸ, ಎಂಥ ಸಜ್ಜನಿಕೆ" ಎಂದು ಎರಡು ಮೂರು ಸಲ ಹೇಳಿದರು. ಹೇಳುತ್ತಲೇ, ಮೇಷ್ಟ್ರು ಕಾಫಿ ಕುಡಿದಿದ್ದ ಲೋಟವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಸಿಂಕಿನ ಇನ್ನೊಂದು ಮೂಲೆಯಲ್ಲಿ ಇಟ್ಟರು. "ಇದನ್ನ ಬೇರೆ ತೊಳಿಯಮ್ಮ ವಸು" ಎಂದರು. ನಾನು ಎದುರು ಮಾತಾಡದೆ ಬೇರೆ ತೊಳೆದೆ. ಹಿರಿಯರು, ನಾಲ್ಕು ದಿನ ಇದ್ದು ಹೋಗುವವರು, ಈ ವಯಸ್ಸಿನಲ್ಲಿ ಅವರನ್ನು ತಿದ್ದುವುದೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಸಮಾಧಾನ ಬಹಳ ಅನುಕೂಲದ್ದು, ನಮ್ಮದೇ ಕೊಳಕನ್ನು ಹಿರಿಯರ ಹೆಸರಿಗೆ ಬರೆದು ಹಾಯಾಗಿರಬಹುದು.

ಅದಾದ ಕೆಲವು ದಿನಕ್ಕೆ ರೈಲಿನಲ್ಲಿ ಸಿಕ್ಕಾಗ ಮೇಷ್ಟ್ರು ಯಾವುದೋ ಹಳೇ ಗ್ರಂಥ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದರು. "ಬೇರೆ ಧರ್ಮದೋರ ಪಾತ್ರೆಲಿ ಉಣ್ಣಬಹುದಾ ಅಂತ ಪುಟಗಟ್ಟಲೆ ಚರ್ಚೆ ಮಾಡವ್ರೆ ನೋಡಿ. ತೊಳ್ಕೊಂಡು ಉಣ್ಣಿ ಅಂದ್ರು. ಮನುಷ್ಯನ ಮೈ ಯಾವ ಧರ್ಮದ್ದಾದ್ರೂ ಮೈಲಿಗೆ ಅಲ್ಲ, ಅವನ ಎಂಜಲೂ ಮೈಲಿಗೆ ಅಲ್ಲ ಅಂತ ಬಹಳ ಜನ ಅಂದ್ರು. ಕೆಲವರು ಒಪ್ಪಲಿಲ್ಲ. ಮಡಿ ಹೆಂಗಸರು ಜಗಳ ಆಡಿದಂಗೆ ಆಡವ್ರೆ." ಅವರಿಗೆ ಲೋಟದ ವಿಷಯ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಹಳಿಯ ಪಕ್ಕದ ಕಾಲುವೆಯ ಬಾತುಕೋಳಿ ನೋಡುತ್ತಾ ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು.

ಆ ಪ್ರಯಾಣದಲ್ಲೇ ಅವರು ಕೇಳಿದ್ದು. ಡಬ್ಲಿನ್ ಬರುವುದಕ್ಕೆ ಇನ್ನೂ ಎರಡು ಸ್ಟೇಷನ್ ಇದ್ದವು.

"ತಾಯಿ, ಈ ಸಲ ರಾಜ್ಯೋತ್ಸವಕ್ಕೆ ನಾನೊಂದು ಅಡುಗೆ ತರಲಾ? ಮುದ್ದೆ, ಬಸ್ಸಾರು. ಕನ್ನಡದ ಹಬ್ಬ ಅಂತೀವಿ, ಮುದ್ದೆನೇ ಇರಲ್ವಲ್ಲ. ಬರೀ ಸೊಪ್ಪು, ಕಾಳು. ಮಾಂಸದ ಪಾತ್ರೆ ಮುಟ್ಟಿಸಲ್ಲ, ಹೊಸಾ ಪಾತ್ರೆನೇ ತತ್ತೀನಿ."

ಆ ಮನುಷ್ಯ ನಮ್ಮ ಜೊತೆ ಇದ್ದಷ್ಟು ಕಾಲದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ತಟ್ಟೆ ಯಾಕೆ ನನಗೇ ಎಂದು ಕೇಳಲಿಲ್ಲ. ನನ್ನ ಕೈಯಡುಗೆಯನ್ನು ನೀವೊಂದು ದಿನ ಉಣ್ಣಿ ಎಂದಷ್ಟೇ ಕೇಳಿದರು. ಹೊಸ ಪಾತ್ರೆ ತರುತ್ತೇನೆ ಎಂದಾಗ ಅವರ ದನಿ ಸ್ವಲ್ಪ ತಗ್ಗಿತು. ಅವರಿಗೆ ಎಲ್ಲವೂ ಗೊತ್ತಿದೆ, ಮೊದಲ ತಟ್ಟೆಯ ದಿನದಿಂದಲೇ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು. ನಾನು "ನೋಡೋಣ ಸಾರ್, ಕೇಳಿ ಹೇಳ್ತೀನಿ" ಎಂದೆ. ಊಟದ ಉಸ್ತುವಾರಿ ನನ್ನದೇ, ಕೇಳಬೇಕಾದವರು ಯಾರೂ ಇರಲಿಲ್ಲ.

ಆದರೂ ಕೇಳಿದೆ. ನಮ್ಮ ಗುಂಪಿಗೆ ಅಧ್ಯಕ್ಷನಂತಿದ್ದ ಪ್ರಸಾದನಿಗೆ ಫೋನು ಮಾಡಿದೆ. ಪ್ರಸಾದ ಕೆಟ್ಟವನಲ್ಲ. ಯಾರಿಗೆ ಕೆಲಸ ಹೋದರೂ ಮೊದಲು ಓಡಿಬರುವವನು. ಅವನ ಅಮ್ಮ, ನನ್ನ ಮಾವನವರು, ಇನ್ನೂ ಕೆಲವರ ತಂದೆತಾಯಿ ಆ ಸಲ ಬಂದಿದ್ದರು. "ಅಯ್ಯೋ ವಸು, ನಂಗೇನೂ ಇಲ್ಲಪ್ಪ. ನಾನಾದ್ರೆ ತಿಂತೀನಿ. ಆದ್ರೆ ಅಮ್ಮ ಊಟಾನೇ ಬಿಟ್ಟು ಎದ್ದೋಗ್ತಾರೆ. ಏನಾದ್ರೂ ಹೇಳು, ಹರ್ಟ್ ಆಗ್ದಂಗೆ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಬ್ಬರೂ ಸೇರಿ ಒಂದು ಉಪಾಯ ಹುಡುಕಿದೆವು. ಈ ದೇಶದಲ್ಲಿ ಯಾವುದಕ್ಕೂ ಅಡ್ಡ ಇಡಬಹುದಾದ ಒಂದು ಮಾತಿದೆ, ಅಲರ್ಜಿ. ಹಾಲ್‌ನವರು ಹೊಸ ರೂಲ್ಸ್ ಮಾಡಿದ್ದಾರೆ, ಅಲರ್ಜಿ ವಿವರ ಇಲ್ಲದ ಹೊಸ ಅಡುಗೆಗೆ ಅವಕಾಶ ಇಲ್ಲ ಎಂದು ಹೇಳುವುದೆಂದು ತೀರ್ಮಾನವಾಯಿತು. ಹೇಳುವ ಬಾಯಿ ನನ್ನದು.

ಫೋನಿನಲ್ಲಿ ಹೇಳಿದೆ. ಮೇಷ್ಟ್ರು ಎಂದಿನಂತೆ, "ಅಂದ್ರೆ ನಿಮ್ಮ ಮಾತು ಏನಪ್ಪಾ ಅಂದ್ರೆ, ಏನೇನು ಹಾಕಿದೀವಿ ಅಂತ ಬರ್ದು ಅಂಟಿಸದೇ ಇರೋ ಅಡುಗೆ ಬೇಡ ಅಂತವ್ರೆ, ಅಲ್ವಾ? ಸರಿಯಾಗಿ ಹೇಳಿದ್ನಾ?" ಎಂದರು. "ಹೌದು ಸಾರ್" ಎಂದೆ. "ನ್ಯಾಯವಾಗೇ ಐತೆ" ಎಂದು ಫೋನಿಟ್ಟರು. ಅಬ್ಬ, ಪೀಡೆ ಕಳೆಯಿತು ಎಂದುಕೊಂಡೆ. ಪೀಡೆ ಎಂಬ ಮಾತೇ ಮನಸ್ಸಿಗೆ ಬಂದದ್ದು, ಬೇರೆ ಮಾತಲ್ಲ.

ರಾಜ್ಯೋತ್ಸವದ ದಿನ ಹಾಲ್ ಒಳಗೆ ಹಳದಿ ಕೆಂಪು ಕಾಗದ ಕಟ್ಟಿ, ಮಕ್ಕಳು ಐರಿಷ್ ಉಚ್ಚಾರದಲ್ಲಿ ನಾಡಗೀತೆ ಹಾಡಿ ಮುಗಿಸುವ ಹೊತ್ತಿಗೆ ರಹಮತ್ ಮೇಷ್ಟ್ರು ಟ್ಯಾಕ್ಸಿಯಿಂದ ಇಳಿದರು. ಟ್ಯಾಕ್ಸಿಯವನೂ ಅವರೂ ಸೇರಿ ಎರಡು ದೊಡ್ಡ ಪಾತ್ರೆ ಎತ್ತಿಕೊಂಡು ಬಂದರು. ಹೊಳೆಯುವ ಹೊಸ ಪಾತ್ರೆಗಳು. ಮುಚ್ಚಳದ ಮೇಲೆ ಬಿಳಿ ಚೀಟಿ ಅಂಟಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದುಂಡಗೆ ಬರೆದಿದ್ದರು. ಗೋಧಿ ಇಲ್ಲ, ಹಾಲು ಇಲ್ಲ, ಕಡಲೆಕಾಯಿ ಇಲ್ಲ, ಮೊಟ್ಟೆ ಇಲ್ಲ. ಹಾಲ್ ನೋಡಿಕೊಳ್ಳುವ ಬ್ರೀಡಾ ಎಂಬ ಹೆಂಗಸಿನ ಹತ್ತಿರ ಹೋಗಿ, ಹೇಗೆ ಬರೆಯಬೇಕೆಂದು ಕೇಳಿ, ಆಕೆಯಿಂದಲೇ ಚೀಟಿಗಳನ್ನು ಇಸಕೊಂಡು ಬಂದಿದ್ದರು. ನಮ್ಮ ಪುಳಿಯೋಗರೆಯಲ್ಲಿ ಕಡಲೆಕಾಯಿ ಇತ್ತು, ಹೋಳಿಗೆಯಲ್ಲಿ ಮೈದಾ ಇತ್ತು, ಯಾವುದಕ್ಕೂ ಚೀಟಿ ಇರಲಿಲ್ಲ. ಅಲರ್ಜಿಯ ಲೆಕ್ಕದಲ್ಲಿ ಆ ಹಾಲ್ ಒಳಗೆ ಎಲ್ಲರೂ ಧೈರ್ಯವಾಗಿ ತಿನ್ನಬಹುದಾಗಿದ್ದ ಊಟ ಅದೊಂದೇ.

ಪ್ರಸಾದ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆಮೇಲೆ ಅವನೇ ಮುಂದೆ ಹೋಗಿ, "ಬನ್ನಿ ಸಾರ್, ಇದು ಗ್ಲೂಟನ್ ಇಲ್ಲದ್ದು ಅಲ್ವಾ, ಬೇರೆ ಟೇಬಲ್ ಹಾಕ್ತೀನಿ" ಎಂದು ಬಾಗಿಲ ಹತ್ತಿರ, ಕೋಟು ನೇತುಹಾಕುವ ಕಡೆ ಒಂದು ಸಣ್ಣ ಮೇಜು ಹಾಕಿಕೊಟ್ಟ. ಮೇಷ್ಟ್ರು ಶರಟಿನ ತೋಳು ಮಡಚಿ, ಸೌಟು ಹಿಡಿದು ಅದರ ಹಿಂದೆ ನಿಂತರು.

ಜನ ಸಾಲಿನಲ್ಲಿ ಬಂದರು. ದೊಡ್ಡ ಮೇಜಿನಲ್ಲಿ ಬಡಿಸಿಕೊಂಡು, ಸಣ್ಣ ಮೇಜಿನ ಹತ್ತಿರ ಬಂದಾಗ, "ಆಹಾ, ಮುದ್ದೆನಾ ಸಾರ್, ಪರಿಮಳ ಚೆನ್ನಾಗಿದೆ, ಆಮೇಲೆ ಬರ್ತೀನಿ" ಎಂದು ಮುಂದೆ ಹೋದರು. "ಹೊಟ್ಟೆ ತುಂಬೋಯ್ತು" ಎಂದ ಒಬ್ಬನ ತಟ್ಟೆ ಇನ್ನೂ ಖಾಲಿ ಇತ್ತು. ಮಾವನವರು, ಪ್ರಸಾದನ ಅಮ್ಮ ಎದುರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾನೂ ಸಾಲಿನಲ್ಲಿದ್ದೆ. ಅವರ ಮೇಜಿಗೆ ನಾಲ್ಕು ಹೆಜ್ಜೆ ಇರುವಾಗ, ಯಾವುದೋ ಮಗು ಅತ್ತಂತಾಯಿತೆಂದು ಸಾಲು ಬಿಟ್ಟು ಹೋದೆ. ಯಾವ ಮಗುವೂ ಅತ್ತಿರಲಿಲ್ಲ.

ಉಂಡದ್ದು ಬ್ರೀಡಾ ಒಬ್ಬಳೇ. ಅಗಿಯಬೇಡಿ, ನುಂಗಬೇಕು ಎಂದು ಮೇಷ್ಟ್ರು ಹೇಳಿಕೊಟ್ಟರು. ಆಕೆ ಒಂದು ತುತ್ತು ನುಂಗಿ, ಕಣ್ಣು ಅಗಲಿಸಿ, "ಗ್ರ್ಯಾಂಡ್" ಎಂದು ಹೆಬ್ಬೆರಳೆತ್ತಿದಳು. ಅವಳು ಅಲ್ಲಿಂದ ಹೋದ ಮೇಲೆ ಮೇಷ್ಟ್ರು ಸಾಲಿನ ಕಡೆ ಇನ್ನೊಂದು ಸಲ ನೋಡಿದರು. ಮುದ್ದೆ ತಣ್ಣಗಾದರೆ ಕಲ್ಲು, ಅದು ಅವರಿಗೆ ಗೊತ್ತಿಲ್ಲದ್ದೇ? ಆಮೇಲೆ ಮುಚ್ಚಳ ಮುಚ್ಚಿದರು.

ಪ್ರಸಾದ ಹತ್ತಿರ ಹೋದ. ನಾನೂ ಹೋದೆ. "ಸಾರ್, ಜನಕ್ಕೆ ಅಭ್ಯಾಸ ಇಲ್ಲ, ಅದೂ ಅಲ್ದೆ..." ಎಂದು ಅವನು ತಡವರಿಸಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ತಾಳಿ ಪ್ರಸಾದ್. ನಿಮ್ಮ ಮಾತ ನಾನು ಹೇಳ್ತೀನಿ. ಹಿರೀಕರು ಬಂದವ್ರೆ. ಅವರು ಹುಟ್ಟಿದಾಗಿಂದ ನಡೆಸ್ಕೊಂಡು ಬಂದಿರೋ ಮಡಿ ಒಂದು ಐತೆ. ದೂರದ ದೇಶಕ್ಕೆ ಮಕ್ಕಳನ್ನ ನೋಡಕ್ಕೆ ಬಂದೋರ ಮನಸ್ಸು ನೋಯಿಸಬಾರದು. ಒಂದು ಹೊತ್ತಿನ ಊಟಕ್ಕೆ ಗುಂಪು ಒಡೀಬಾರದು. ನನ್ನ ಮೇಲೆ ನಿಮಗ್ಯಾರಿಗೂ ದ್ವೇಷ ಇಲ್ಲ. ಸರಿಯಾಗಿ ಹೇಳಿದ್ನಾ?"

"ಹೌದು ಸಾರ್" ಎಂದ ಪ್ರಸಾದ, ತಲೆ ತಗ್ಗಿಸಿಕೊಂಡು. ಅಷ್ಟು ಚೆನ್ನಾಗಿ ನಮ್ಮಿಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ನಾವು ಕಾದೆವು. ಈಗ ನನ್ನ ಮಾತ ಕೇಳಿ ಎನ್ನುತ್ತಾರೆ, ಬೈಯುತ್ತಾರೆ, ಬೈದರೆ ಸಾಕಪ್ಪ ಎಂದು ಕಾದೆವು. ಅವರು ಕನ್ನಡಕ ಹಾಕಿಕೊಂಡು, ಪಾತ್ರೆಗಳಿಗೆ ಬಟ್ಟೆ ಕಟ್ಟಿ, ಟ್ಯಾಕ್ಸಿಗೆ ಫೋನು ಮಾಡಿದರು. ಅವರ ಪಕ್ಷದ ಮಾತು ಬರಲೇ ಇಲ್ಲ.

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಬಂತು. ಆದರೆ ಹಗಲು ಹೊತ್ತಿನಲ್ಲಿ, ಆಫೀಸಿನಲ್ಲಿ ಯಾರದೋ ಜೊತೆ ಮಾತಾಡುತ್ತಿರುವಾಗ, ತೋಳು ಮಡಚಿ ಸೌಟು ಹಿಡಿದು ನಿಂತ ಆ ಆಕೃತಿ ಕಣ್ಣಿಗೆ ಕಟ್ಟಿ ಮೈಯೆಲ್ಲ ಬಿಸಿಯಾಗುತ್ತಿತ್ತು. ಮಾವನವರಿಗಾದರೂ ಸುದ್ದಿ ಸೊಟ್ಟಗೆ ತಲುಪಿತ್ತು ಎನ್ನಬಹುದು. ನನಗೆ ಮೇಷ್ಟ್ರಿಗಿಂತ ನೆಟ್ಟಗೆ ಇನ್ನಾರು ತಲುಪಿಸಬೇಕಿತ್ತು? ರೈಲಿನ ಹೊತ್ತನ್ನು ಬದಲಾಯಿಸಿಕೊಂಡು ಅವರ ಕಣ್ಣು ತಪ್ಪಿಸಿ ಓಡಾಡಿದೆ.

ಮೇಷ್ಟ್ರು ಕೌಲಾಲಂಪುರದಲ್ಲಿ ಕೆಲಸ ಒಪ್ಪಿಕೊಂಡು ಮುಂದಿನ ವಾರ ಹೊರಡುತ್ತಾರೆಂದು ಗಿರೀಶನಿಂದ ಗೊತ್ತಾಯಿತು. ಆ ಶನಿವಾರ ಮಧ್ಯಾಹ್ನ, ಬೇಕೆಂದೇ ಊಟದ ಹೊತ್ತಿಗೆ, ಜಡಿಮಳೆಯಲ್ಲಿ ಅವರ ಮನೆಗೆ ಹೋದೆ. ಬಾಗಿಲು ತೆರೆದವರು, "ಬನ್ನಿ ಬನ್ನಿ ತಾಯಿ, ನೆನೆದು ತೊಪ್ಪೆ ಆಗಿದೀರಲ್ಲ" ಎಂದು ಟವೆಲು ಕೊಟ್ಟರು. ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿದ್ದವು. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರಿತು. ನಾನು ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂಬ ಭಯ.

"ಸಾರ್, ಆ ಅಲರ್ಜಿ ರೂಲ್ಸು ನಾವೇ ಕಟ್ಟಿದ್ ಕಥೆ."

"ಗೊತ್ತು ಕಣಮ್ಮ. ಚೀಟಿ ಕೇಳಕ್ಕೆ ಹೋದಾಗ್ಲೇ ಬ್ರೀಡಾ ಅಂದ್ರು, ಅಂಥದ್ದೇನೂ ಇಲ್ಲ ಅಂತ."

"ಗೊತ್ತಿದ್ದೂ ಯಾಕ್ ಸಾರ್ ಮಾಡ್ಕೊಂಡ್ ಬಂದ್ರಿ, ಅಷ್ಟೊಂದು?"

ಅವರು ಸಾರಿನ ಪಾತ್ರೆಗೆ ಸೌಟು ಹಾಕಿ ಕೈಯಾಡಿಸಿದರು. "ಎದುರಿಗೆ ತಂದಿಟ್ರೆ ಯಾರಾದ್ರೂ ಒಬ್ರು ಉಣ್ತೀರಿ ಅನ್ಕೊಂಡೆ. ಒಬ್ರು ಸಾಕಾಗಿತ್ತು."

ಆ ಒಬ್ಬರು ಯಾರಾಗಬೇಕಿತ್ತೆಂದು ಅವರು ಹೇಳಲಿಲ್ಲ. ನನಗೆ ಅಳು ಬಂತು. ಅತ್ತುಬಿಟ್ಟರೆ ಅವರೇ ಸಮಾಧಾನ ಮಾಡಬೇಕಾಗುತ್ತದಲ್ಲ ಎಂದು ತಡೆದುಕೊಂಡೆ.

"ಇವತ್ತು ಇಲ್ಲೇ ಊಟ ಮಾಡ್ತೀನಿ ಸಾರ್. ಬಡಿಸಿ."

ಮೇಷ್ಟ್ರು ನನ್ನನ್ನೇ ನೋಡಿದರು. ಬಹಳ ಹೊತ್ತು ಅಲ್ಲ, ಆದರೆ ಚೆನ್ನಾಗಿ ನೋಡಿದರು.

"ಬೇಡ ತಾಯಿ" ಎಂದರು ಮೆತ್ತಗೆ. "ಬಲವಂತಕ್ಕೆ ನಮ್ಮ ಧರ್ಮಕ್ಕೆ ಬಂದೋನ ಒಪ್ಪಿಗೆ ಒಪ್ಪಿಗೆನೇ ಅಲ್ಲ ಅಂತ ಹಳಬರಲ್ಲಿ ಬಹಳ ಜನ ಹೇಳವ್ರೆ. ಎಲ್ರೂ ಅಲ್ಲ, ಬಹಳ ಜನ. ಕತ್ತಿ ಹಿಡಿದ್ರೆ ಮಾತ್ರ ಬಲವಂತ ಅಲ್ಲ. ನೀವೀಗ ನಾಚಿಕೆಗೆ ಉಣ್ಣಕ್ಕೆ ಬಂದಿದೀರಿ. ಹಂಗೆ ಉಣ್ಣಿಸಿದ್ರೆ ನಂಗೂ ಸೇರಲ್ಲ, ನಿಮಗೂ ಸೇರಲ್ಲ. ಮನಸ್ಸಿಂದ ಹಸಿವಾದ ದಿನ ಬನ್ನಿ, ಬಡಿಸ್ತೀನಿ."

"ನೀವು ಮುಂದಿನ ವಾರ ಹೋಗ್ತೀರಲ್ಲ ಸಾರ್."

"ಹೌದಲ್ಲ" ಎಂದು ನಕ್ಕರು.

ನಾನು ಇನ್ನೊಂದು ಸಲ ಕೇಳಬಹುದಿತ್ತು. ಅಡುಗೆಮನೆಗೆ ನುಗ್ಗಿ ತಟ್ಟೆ ಎತ್ತಿಕೊಳ್ಳಬಹುದಿತ್ತು. ಅಣ್ಣನ ಮನೆಯಲ್ಲಾದರೆ ಅದನ್ನೇ ಮಾಡುತ್ತಿದ್ದೆ. ಆದರೆ ಅವರು ಬೇಡ ಎಂದ ಆ ಕ್ಷಣದಲ್ಲೇ, ಒಳಗೆಲ್ಲೋ, ನನಗೆ ಬಿಗಿದುಕೊಂಡಿದ್ದೇ ಗೊತ್ತಿರದ ಏನೋ ಒಂದು ಸಡಿಲವಾಯಿತು. ಸದ್ಯ, ಉಣ್ಣುವ ಹಾಗಿಲ್ಲ ಎಂದಿತು ಮನಸ್ಸು. ಕ್ಷಮೆ ಕೇಳಲು ಬಂದವಳ ಮುಖದಲ್ಲಿ ಆ ನಿರಾಳ ಕಾಣಿಸಿಕೊಂಡಿತು. ಬಚ್ಚಿಡುವಷ್ಟು ಹೊತ್ತು ಸಿಗಲಿಲ್ಲ. ಎದುರಿನವರ ಮನಸ್ಸನ್ನು ಅವರಿಗಿಂತ ಚೆನ್ನಾಗಿ ಓದಬಲ್ಲ ಮನುಷ್ಯ ಅದನ್ನು ನೋಡಿದರು.

ನೋಡಿ, ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದರು. "ಮಳೆ ನಿಂತೈತೆ" ಎಂದರು. "ಈಗ್ಲೇ ಹೊರಟುಬಿಡಿ ತಾಯಿ."